ಅಪ್‌ಡೇಟ್: ಮಿಂಟ್‌ನಲ್ಲಿ ವೈಫೈ ಬಂತು!

ಹೋದ ವಾರ ಕೇಳಿದ್ದೆ: 4 ಜಿಬಿ ರ‍್ಯಾಮ್‌ನ ಹಳೆ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದೆ, ವೈಫೈ ಪಟ್ಟಿಯೇ ಕಾಣುತ್ತಿಲ್ಲ, ಏನು ಮಾಡಲಿ ಅಂತ. ಈಗ ಸರಿಹೋಗಿದೆ.

ನಿಮ್ಮಲ್ಲೊಬ್ಬರು ಹೇಳಿದ ಹಾಗೆ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ (ಫೋನಿನ ನೆಟ್ಟನ್ನು ಲ್ಯಾಪ್‌ಟಾಪ್‌ಗೆ ಕೊಡುವುದು) ಆನ್ ಮಾಡಿದೆ. ಕೂಡಲೇ ನೆಟ್ ಬಂತು. ಮೆನುವಿನಲ್ಲಿ ಡ್ರೈವರ್ ಮ್ಯಾನೇಜರ್ ತೆರೆದರೆ ವೈಫೈ ಚಿಪ್‌ನ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಅಲ್ಲೇ ಇತ್ತು. ಹಾಕಿ ರೀಸ್ಟಾರ್ಟ್ ಮಾಡಿದೆ. ಆದರೂ ಬರಲಿಲ್ಲ! ಅರ್ಧ ಗಂಟೆ ಒದ್ದಾಡಿದ ಮೇಲೆ ಗೊತ್ತಾಯಿತು, ಕಾರಣ ಸೆಕ್ಯೂರ್ ಬೂಟ್, ಅಂದರೆ ಕಂಪ್ಯೂಟರ್ ಶುರುವಾಗುವಾಗಿನ ಭದ್ರತಾ ವ್ಯವಸ್ಥೆ. ಅದು ಆನ್ ಇದ್ದರೆ, ನಂಬಿಕೆಯ ಡಿಜಿಟಲ್ ಸಹಿ ಇಲ್ಲದ ಡ್ರೈವರನ್ನು ಕರ್ನಲ್ (ಲಿನಕ್ಸ್‌ನ ತಿರುಳು) ಒಳಗೆ ಬಿಡುವುದಿಲ್ಲ. ಬಯಾಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ಸ್) ಅದನ್ನು ಆಫ್ ಮಾಡಿದೆ. ಪರದೆಯ ಮೂಲೆಯಲ್ಲಿ ನಮ್ಮ ಮನೆ ವೈಫೈ ಹೆಸರು ಮೂಡಿದಾಗ ಅಮ್ಮನನ್ನು ಕರೆದು ತೋರಿಸಿದೆ.

ಕನ್ನಡ ಟೈಪಿಂಗ್‌ಗೆ ಐಬಸ್ (ಲಿನಕ್ಸ್‌ನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ತಂತ್ರಾಂಶ) ಜೊತೆ ಎಂ17ಎನ್ ಎಂಬ ಕೀಲಿಮಣೆಗಳ ಪ್ಯಾಕೇಜ್ ಹಾಕಿ, ಕನ್ನಡ ಗಣಕ ಪರಿಷತ್ತಿನ ಕೆಜಿಪಿ ಕೀಲಿಮಣೆ ಆರಿಸಿಕೊಂಡೆ. ನುಡಿ ತಂತ್ರಾಂಶದಲ್ಲೂ ಇದೇ ಕೀಲಿಮಣೆ ಇರುವುದರಿಂದ, ಅದರಲ್ಲಿ ಕೈ ಪಳಗಿದವರಿಗೆ ಹೊಸದಾಗಿ ಕಲಿಯುವುದು ಏನೂ ಇಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಾಗ ಈ ಲ್ಯಾಪ್‌ಟಾಪನ್ನು ಗುಜರಿಗೆ ಹಾಕೋಣ ಅಂತಿದ್ದೆವು. ಈ ಅಪ್‌ಡೇಟನ್ನು ಅದರಲ್ಲೇ ಕುಟ್ಟುತ್ತಿದ್ದೇನೆ. ಟೆದರಿಂಗ್ ಉಪಾಯ ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ಬ್ಲೂಟೂತ್ ಇನ್ನೂ ನೋಡಿಲ್ಲ, ಭಾನುವಾರ ನೋಡುತ್ತೇನೆ.