ಸೂಪರ್‌ಚಾರ್ಜರ್ ಎಂಜಿನ್: ಘಾಟಿ ಹತ್ತುವಾಗ ಡಿಪ್‌ಸ್ಟಿಕ್ ಮೇಲೇಳುತ್ತಿದೆ, ರಿಂಗ್ ಹೋಗಿದೆಯೇ?

ಪ್ರಶ್ನೆ (ಸುಂಟಿಕೊಪ್ಪದಿಂದ)

ಎಲ್ಲರಿಗೂ ನಮಸ್ಕಾರ. ನನ್ನದು 1.8 ಲೀಟರಿನ, ನಾಲ್ಕು ಸಿಲಿಂಡರಿನ, ಸೂಪರ್‌ಚಾರ್ಜರ್ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪು) ಇರುವ ಹಳೆಯ ಪೆಟ್ರೋಲ್ ಕಾರು. ಮಳೆಗಾಲದಲ್ಲಿ ಅದರ ಓಡಾಟವೆಲ್ಲ ಮನೆಯಿಂದ ತೋಟಕ್ಕೆ, ತೋಟದಿಂದ ಪೇಟೆಗೆ, ನಾಲ್ಕೈದು ಕಿಲೋಮೀಟರಿನೊಳಗೇ ಮುಗಿಯುತ್ತದೆ. ಕಳೆದ ವಾರ ಸುಳ್ಯದಿಂದ ಹಿಂತಿರುಗುವಾಗ ಸಂಪಾಜೆ ದಾಟಿ ಘಾಟಿ ಹತ್ತುತ್ತಿದ್ದಂತೆ ಸುಟ್ಟ ಆಯಿಲಿನ ವಾಸನೆ ಬಂತು. ಮಡಿಕೇರಿ ತಲುಪಿ ಬಾನೆಟ್ ಎತ್ತಿದರೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎರಡು ಬೆರಳಿನಷ್ಟು ಮೇಲೆದ್ದಿತ್ತು. ಅಲ್ಲಿಂದ ಚಿಮ್ಮಿದ ಆಯಿಲ್ ಎಕ್ಸಾಸ್ಟಿನ ತಗಡಿನ ಮೇಲೆ ಬಿದ್ದು ಕರಕಲಾಗಿತ್ತು. ಗೇರ್‌ಬಾಕ್ಸ್ ಕಡೆಯ ಸೀಲಿನಿಂದಲೂ ಜಿನುಗು ಶುರುವಾಗಿದೆ.

ಗ್ಯಾರೇಜಿನಲ್ಲಿ ಆಯಿಲ್ ಮುಚ್ಚಳ ತೆಗೆದು, ಅಲ್ಲಿ ಆಡುತ್ತಿದ್ದ ಹೊಗೆಯನ್ನು ತೋರಿಸಿ, ರಿಂಗ್ (ಪಿಸ್ಟನ್ ಸುತ್ತ ಗ್ಯಾಸ್ ಸೋರದಂತೆ ತಡೆಯುವ ಬಳೆ) ಹೋಗಿದೆ, ಎಂಜಿನ್ ಇಳಿಸಲೇಬೇಕು ಎಂದರು. ಆದರೆ ಐಡಲಿನಲ್ಲಿ (ನಿಂತಲ್ಲೇ ಓಡುವಾಗ) ಎಂಜಿನ್ ಸಮನಾಗಿದೆ, ಬೆಳಗಿನ ಮೊದಲ ಸ್ಟಾರ್ಟಿನಲ್ಲೂ ನೀಲಿ ಹೊಗೆ ಇಲ್ಲ. ಬಿಚ್ಚುವುದಕ್ಕೆ ಮೊದಲು ಖಚಿತಪಡಿಸಿಕೊಳ್ಳುವ ದಾರಿ ತಿಳಿದವರು ದಯವಿಟ್ಟು ಹೇಳಿ.

ಉತ್ತರ (ಗೋಣಿಕೊಪ್ಪಲಿನಿಂದ)

ಮುಚ್ಚಳ ತೆಗೆದಾಗ ಕಾಣುವ ಹೊಗೆಯನ್ನು ನಂಬಿ ಎಂಜಿನ್ ಇಳಿಸಬೇಡಿ. ಬಿಸಿಯಾದ ಯಾವ ಎಂಜಿನ್ನಿನಲ್ಲೂ ಸ್ವಲ್ಪ ಹೊಗೆ ಆಡುತ್ತದೆ. ಎಷ್ಟೇ ಹೊಸ ರಿಂಗ್ ಆದರೂ ಒಂದಿಷ್ಟು ಗ್ಯಾಸ್ ಪಿಸ್ಟನ್ ಪಕ್ಕದಿಂದ ಕೆಳಗಿಳಿದೇ ಇಳಿಯುತ್ತದೆ. ಡಿಪ್‌ಸ್ಟಿಕ್ಕನ್ನು ಮೇಲೆತ್ತುವುದು ಕ್ರ್ಯಾಂಕ್‌ಕೇಸಿನ (ಪಿಸ್ಟನ್ ಕೆಳಗೆ ಆಯಿಲ್ ಇರುವ ಭಾಗದ) ಒತ್ತಡ. ಅದು ಹೆಚ್ಚಲು ಮೂರು ಕಾರಣಗಳಿರಬಹುದು: ಇಳಿಯುವ ಗ್ಯಾಸ್ ಹೆಚ್ಚಾಗಿರಬೇಕು, ಅದು ಹೊರಗೆ ಹೋಗುವ ದಾರಿ ಕಟ್ಟಿರಬೇಕು, ಇಲ್ಲವೇ ಸೂಪರ್‌ಚಾರ್ಜರಿನ ಗಾಳಿಯೇ ಒಳಗೆ ನುಗ್ಗುತ್ತಿರಬೇಕು. ಮೂರನೆಯದು ಸಾದಾ ಎಂಜಿನ್ನಿನಲ್ಲಿ ಇಲ್ಲದ ಸಂಗತಿಯಾದ್ದರಿಂದ ಅದು ಅನೇಕ ಮೆಕ್ಯಾನಿಕ್‌ಗಳ ಲಕ್ಷ್ಯಕ್ಕೇ ಬರುವುದಿಲ್ಲ.

ನಿಮ್ಮ ಎಂಜಿನ್ನಿನಿಂದ ಸಾಮಾನ್ಯವಾಗಿ ಎರಡು ಪೈಪುಗಳು ಹೊರಡುತ್ತವೆ. ಒಂದು ಪಿಸಿವಿ ವಾಲ್ವಿನ (ಕ್ರ್ಯಾಂಕ್‌ಕೇಸಿನ ಗ್ಯಾಸನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಮೂಲಕ ಇಂಟೇಕ್ ಮ್ಯಾನಿಫೋಲ್ಡಿಗೆ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ), ಇನ್ನೊಂದು ಏರ್ ಫಿಲ್ಟರಿಗೂ ಸೂಪರ್‌ಚಾರ್ಜರಿಗೂ ನಡುವಿನ ಜಾಗಕ್ಕೆ ಹೋಗುತ್ತದೆ. ಐಡಲಿನಲ್ಲಿ ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಮೊದಲನೆಯದರಿಂದ ಗ್ಯಾಸನ್ನು ಎಳೆದುಕೊಳ್ಳುತ್ತದೆ. ಘಾಟಿಯಲ್ಲಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಅದೇ ಮ್ಯಾನಿಫೋಲ್ಡಿನಲ್ಲಿ ಬೂಸ್ಟ್ (ಸೂಪರ್‌ಚಾರ್ಜರ್ ಒತ್ತಿದ ಗಾಳಿ) ತುಂಬುವುದರಿಂದ ಆ ಪಿಸಿವಿ ವಾಲ್ವ್ ಗಟ್ಟಿಯಾಗಿ ಮುಚ್ಚಿಕೊಳ್ಳಬೇಕು, ಗ್ಯಾಸೆಲ್ಲ ಎರಡನೆಯ ಪೈಪಿನಿಂದ ಹೋಗಬೇಕು. ವಾಲ್ವ್ ಮುಚ್ಚದಿದ್ದರೆ ಬೂಸ್ಟ್ ನೇರವಾಗಿ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಐಡಲ್ ಸರಿಯಿದ್ದು ಏರಿನಲ್ಲಿ ಮಾತ್ರ ತೊಂದರೆ ಕಾಣುತ್ತಿರುವುದರಿಂದ ನನ್ನ ಮೊದಲ ಸಂಶಯ ಇದರ ಮೇಲೆಯೇ.

ಅಳೆಯಲು ದುಬಾರಿ ಗೇಜ್ ಬೇಡ. ಗಾರೆ ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಪೈಪು ಸಾಕು. ಅದನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ ಅರ್ಧ ನೀರು ತುಂಬಿ, ಒಂದು ತುದಿಯನ್ನು ಎಂಜಿನ್ನಿಗೆ ಕೊಟ್ಟು ಇನ್ನೊಂದನ್ನು ತೆರೆದಿಡಿ. ಎರಡು ಕಡೆಯ ನೀರಿನ ಮಟ್ಟದ ಅಂತರವೇ ಒತ್ತಡ. 1 ಪಿಎಸ್‌ಐ ಒತ್ತಡ ಎಂದರೆ ಸುಮಾರು 70 ಸೆಂಟಿಮೀಟರ್. ಪೈಪನ್ನು ಡಿಪ್‌ಸ್ಟಿಕ್ ಕೊಳವೆಗೆ ಸಿಕ್ಕಿಸಬೇಡಿ, ಏಕೆಂದರೆ ಕೆಲವು ಎಂಜಿನ್ನುಗಳಲ್ಲಿ ಆ ಕೊಳವೆಯ ಕೆಳತುದಿ ಆಯಿಲಿನೊಳಗೇ ಮುಳುಗಿದ್ದು ಅಳತೆ ತಪ್ಪುತ್ತದೆ. ಹಳೆಯ ಆಯಿಲ್ ಮುಚ್ಚಳವೊಂದಕ್ಕೆ ತೂತು ಕೊರೆದು ನಿಪ್ಪಲ್ ಕೂರಿಸಿಕೊಳ್ಳಿ. ನೀರು ಎಂಜಿನ್ನಿಗೆ ಎಳೆಯದಂತೆ ನಡುವೆ ಒಂದು ಖಾಲಿ ಬಾಟಲಿ ಇರಲಿ. ಅರ್ಧ ಬಾರ್ ಬೂಸ್ಟ್ ಎಂದರೆ ಐದು ಮೀಟರ್ ನೀರಿಗೆ ಸಮ; ಅದರಲ್ಲಿ ಸ್ವಲ್ಪ ಸೋರಿದರೂ ನೀರು ಚಿಮ್ಮೀತು, ಪೈಪು ಉದ್ದವಿರಲಿ. ಓದಲು ಪಕ್ಕದ ಸೀಟಿನಲ್ಲಿ ಇನ್ನೊಬ್ಬರು ಕುಳಿತಿರಬೇಕು.

ಐಡಲಿನಲ್ಲಿ ಕೆಲವು ಸೆಂಟಿಮೀಟರ್ ಎಳೆತ (ನೀರು ಎಂಜಿನ್ನಿನ ಕಡೆಗೆ ಏರುವುದು) ಕಂಡರೆ ಸರಿ. ಆಮೇಲೆ ಏರಿನಲ್ಲಿ ನೋಡಿ. ಅಲ್ಲಿ ಒತ್ತಡ ಕಂಡರೆ ಪಿಸಿವಿ ಪೈಪನ್ನು ಬಿಚ್ಚಿ, ಎರಡೂ ತುದಿಗಳನ್ನು ಭದ್ರವಾಗಿ ಮುಚ್ಚಿ, ಅದೇ ಏರನ್ನು ಅದೇ ಗೇರಿನಲ್ಲಿ ಮತ್ತೊಮ್ಮೆ ಹತ್ತಿ. ಒತ್ತಡ ಇಳಿದರೆ ತಪ್ಪು ವಾಲ್ವಿನದು, ಇಳಿಯದಿದ್ದರೆ ರಿಂಗ್ ಅಥವಾ ಎರಡನೆಯ ಪೈಪು.

ಉತ್ತರ (ಕುಶಾಲನಗರದಿಂದ)

ಮೇಲಿನವರ ಮಾತಿಗೆ ನನ್ನದೂ ಒಪ್ಪಿಗೆ. ರಿಂಗ್ ವಿಷಯಕ್ಕೆ ಬಂದರೆ, ಕಂಪ್ರೆಷನ್ ಟೆಸ್ಟ್ (ಸಿಲಿಂಡರಿನಲ್ಲಿ ಏಳುವ ಒತ್ತಡದ ಅಳತೆ) ಒಂದೇ ಸಾಲದು, ಲೀಕ್‌ಡೌನ್ ಟೆಸ್ಟ್ ಮಾಡಿಸಿ. ಪಿಸ್ಟನ್ ಮೇಲ್ತುದಿಯಲ್ಲಿ, ಎರಡೂ ವಾಲ್ವ್ ಮುಚ್ಚಿರುವಾಗ, ಪ್ಲಗ್ಗಿನ ರಂಧ್ರದಿಂದ ಗಾಳಿ ಕೊಟ್ಟು ಎಷ್ಟು ಪಾಲು ಸೋರುತ್ತದೆಂದು ನೋಡುವ ಪರೀಕ್ಷೆ ಅದು. ಶೇಕಡಾ 10ರ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ, 20 ದಾಟಿದರೆ ಯೋಚಿಸಬೇಕು. ಸೋರುವ ಸದ್ದು ಆಯಿಲ್ ಮುಚ್ಚಳದ ಬಾಯಲ್ಲಿ ಕೇಳಿದರೆ ರಿಂಗ್, ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಬೂಸ್ಟ್ ಇರುವ ಎಂಜಿನ್ನಿನಲ್ಲಿ ನಾಕಿಂಗ್‌ನಿಂದ (ಪೆಟ್ರೋಲ್ ಅಕಾಲದಲ್ಲಿ ಸಿಡಿದು ಉರಿಯುವುದರಿಂದ) ಒಂದೇ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಮುರಿಯುವುದುಂಟು. ಆಗ ಮೂರು ಸಿಲಿಂಡರ್ ಚೆನ್ನಾಗಿದ್ದು ಒಂದು ಮಾತ್ರ ಬಹಳ ಸೋರುತ್ತದೆ.

ಇನ್ನೊಂದು ಮಾತು. ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಯಲ್ಲಿ ನಾಲ್ಕು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಆಯಿಲ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಗ್ಯಾಸಿನೊಳಗಿನ ನೀರಾವಿ ತಣ್ಣನೆಯ ಪೈಪಿನಲ್ಲಿ ಇಳಿದು ಆಯಿಲಿನೊಂದಿಗೆ ಕಲಸಿಕೊಂಡು ಜಿಡ್ಡಾಗಿ ದಾರಿ ಕಟ್ಟುತ್ತದೆ. ಅಳೆಯುವ ಮೊದಲೇ ಎರಡನೆಯ ಪೈಪನ್ನು ಬಿಚ್ಚಿ ಒಳಗೆ ನೋಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಭಾನುವಾರ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಮಾಡಿ ನೋಡಿದೆ. ಎರಡನೆಯ ಪೈಪಿನ ಬಾಗಿನಲ್ಲಿ ಹಾಲು ಹೆಚ್ಚಾದ ಕಾಫಿಯ ಬಣ್ಣದ ಜಿಡ್ಡು ಎಷ್ಟು ಕಟ್ಟಿತ್ತೆಂದರೆ ಕಿರುಬೆರಳೂ ತೂರುವಂತಿರಲಿಲ್ಲ. ತೊಳೆದು ಒಣಗಿಸಿ ಹಾಕಿದ ಮೇಲೆ ಐಡಲಿನಲ್ಲಿ 5 ಸೆಂಟಿಮೀಟರ್ ಎಳೆತ ಕಂಡಿತು, ಏರಿನಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದಾಗ 31 ಸೆಂಟಿಮೀಟರ್ ಒತ್ತಡ. ಪಿಸಿವಿ ದಾರಿಯನ್ನು ಮುಚ್ಚಿ ಅದೇ ಏರು ಹತ್ತಿದಾಗ 3 ಸೆಂಟಿಮೀಟರ್. ಲೀಕ್‌ಡೌನ್ ನಾಲ್ಕು ಸಿಲಿಂಡರಿನಲ್ಲಿ ಶೇಕಡಾ 8, 9, 7 ಮತ್ತು 11. ವಾಲ್ವನ್ನು ಬಿಚ್ಚಿ ಕೈಯಲ್ಲಿ ಅಲ್ಲಾಡಿಸಿದರೆ ಒಳಭಾಗ ಆಡುವ ಸದ್ದೇ ಇಲ್ಲ. ಅದೇ ಜಿಡ್ಡು ಒಳಗೆ ಗಟ್ಟಿಯಾಗಿ ಅರ್ಧ ತೆರೆದ ಸ್ಥಿತಿಯಲ್ಲೇ ಹಿಡಿದುಕೊಂಡಿದೆ. ಇದನ್ನು ತೊಳೆದು ಹಾಕಬಹುದೇ? ಕ್ಯಾಚ್ ಕ್ಯಾನ್ (ಪೈಪಿನ ನಡುವೆ ಕೂರಿಸಿ ಗ್ಯಾಸಿನೊಳಗಿನ ಆಯಿಲನ್ನು ಹಿಡಿಯುವ ಡಬ್ಬಿ) ಹಾಕಿಸಿದರೆ ಒಳ್ಳೆಯದೇ?

ಉತ್ತರ (ಗೋಣಿಕೊಪ್ಪಲಿನಿಂದ)

31ರಿಂದ 3ಕ್ಕೆ ಇಳಿದ ಮೇಲೆ ಸಂಶಯಕ್ಕೆ ಎಡೆಯಿಲ್ಲ, ರಿಂಗ್ ಚೆನ್ನಾಗಿದೆ. ವಾಲ್ವನ್ನು ತೊಳೆಯಬೇಡಿ, ಹೊಸದು ಹಾಕಿ, ಅದೂ ಬೂಸ್ಟ್ ಎಂಜಿನ್ನಿಗೆಂದೇ ಮಾಡಿದ್ದನ್ನು. ಸಾದಾ ಎಂಜಿನ್ನಿನದು ನೋಡಲು ಒಂದೇ ಥರ ಇದ್ದರೂ ಬೂಸ್ಟನ್ನು ತಡೆಯಲಾರದು. ಕ್ಯಾಚ್ ಕ್ಯಾನ್ ಆಯಿಲನ್ನು ಹಿಡಿಯುತ್ತದೆಯೇ ಹೊರತು ಕೆಟ್ಟ ವಾಲ್ವನ್ನು ಸರಿಪಡಿಸದು, ಮತ್ತು ಸಣ್ಣ ಪೈಪಿನ ಕ್ಯಾನ್ ಹಾಕಿದರೆ ಅದೇ ಇನ್ನೊಂದು ತಡೆಯಾಗುತ್ತದೆ. ನಮ್ಮ ಚಳಿಯಲ್ಲಿ ಅದರಲ್ಲೂ ನೀರು ತುಂಬುತ್ತದೆ, ವಾರಕ್ಕೊಮ್ಮೆ ಖಾಲಿ ಮಾಡುವಷ್ಟು ಪುರಸೊತ್ತಿದ್ದರೆ ಮಾತ್ರ ಹಾಕಿಸಿ. ಆಯಿಲನ್ನು ಈಗಲೇ ಬದಲಿಸಿ. ಗೇರ್‌ಬಾಕ್ಸ್ ಕಡೆಯ ಸೀಲಿಗೆ ಸದ್ಯ ಕೈ ಹಾಕಬೇಡಿ. ಒತ್ತಡ ಇಳಿದ ಮೇಲೆ ಜಿನುಗು ನಿಲ್ಲುವುದೂ ಉಂಟು. ಅಲ್ಲಿ ಒರೆಸಿ, 500 ಕಿಲೋಮೀಟರ್ ಓಡಿಸಿ, ಮತ್ತೆ ನೋಡಿ.