ಗುಲಾಬಿ ಕಡ್ಡಿ ಚಿಗುರುತ್ತೆ, ಆಮೇಲೆ ಕಪ್ಪಾಗಿ ಸಾಯುತ್ತೆ. ಏನು ಮಾಡಲಿ?

ಪ್ರಶ್ನೆ (ಶಿವಮೊಗ್ಗದಿಂದ)
ತವರುಮನೆ ಹಿತ್ತಲಲ್ಲಿ ಅಮ್ಮ ನೆಟ್ಟ ಪನ್ನೀರು ಗುಲಾಬಿ ಇದೆ. ಮನೆ ಮಾರಾಟಕ್ಕಿದೆ, ಗಿಡ ಕೈತಪ್ಪುವ ಮೊದಲು ಅದರದೇ ಸಸಿ ಮಾಡಿಕೊಳ್ಳಬೇಕು. ಜುಲೈನಲ್ಲಿ 8 ಕಡ್ಡಿ ತಂದು, ಕೆಂಪು ಮಣ್ಣಿಗೆ ಅರ್ಧಕ್ಕರ್ಧ ಸಗಣಿ ಗೊಬ್ಬರ ಬೆರೆಸಿ ನೆಟ್ಟೆ. ಎರಡು ಹೊತ್ತೂ ನೀರು ಹಾಕಿದೆ. ಎಲ್ಲವೂ ಚಿಗುರಿದವು. ಮೂರನೇ ವಾರ ಚಿಗುರು ಜೋತುಬಿದ್ದು ಕಡ್ಡಿ ಕಪ್ಪಾಯಿತು. ಕಿತ್ತರೆ ಒಂದೂ ಬೇರಿಲ್ಲ!

ಉತ್ತರ (ತುಮಕೂರಿನಿಂದ)
ಅಕ್ಕಾ, ಕಪ್ಪು ಬುಡದಿಂದ ಏರಿತಾ, ತುದಿಯಿಂದ ಇಳಿಯಿತಾ? ತುದಿಯಿಂದ ಒಣಗಿದ್ದರೆ ತೇವ ಸಾಲಲಿಲ್ಲ ಅಂತ.

ಪ್ರಶ್ನೆ ಕೇಳಿದವರು
ಬುಡದಿಂದ. ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಜಾರಿ ಬರುತ್ತಿತ್ತು, ವಾಸನೆ ಬೇರೆ.

ಉತ್ತರ (ತುಮಕೂರಿನಿಂದ)
ಹಾಗಾದರೆ ಅದು ಕೊಳೆತದ್ದೇ. ಚಿಗುರು ಬಂತು ಅಂದರೆ ಬೇರು ಬಂತು ಅಂತಲ್ಲ ಅಕ್ಕಾ. ಕಡ್ಡಿಯೊಳಗೆ ಉಳಿದ ಆಹಾರದಲ್ಲೇ ಚಿಗುರು ಒಡೆಯುತ್ತೆ, ಅದು ಮುಗಿಯುವುದರೊಳಗೆ ಬೇರು ಇಳಿಯದಿದ್ದರೆ ಚಿಗುರು ಬಾಡುತ್ತೆ. ನಿಮ್ಮಲ್ಲಿ ಮಳೆಗಾಲದ ತೇವ, ಸಗಣಿ, ಎರಡು ಹೊತ್ತಿನ ನೀರು ಮೂರೂ ಸೇರಿ ಬುಡಕ್ಕೆ ಶಿಲೀಂಧ್ರ ಹತ್ತಿದೆ. ಬೇರಿಲ್ಲದ ಕಡ್ಡಿಗೆ ಗೊಬ್ಬರ ಬೇಡವೇ ಬೇಡ.

ದೀಪಾವಳಿ ಕಳೆದ ಮೇಲೆ ಮತ್ತೆ ಮಾಡಿ. ಹೂ ಉದುರಿದ ರೆಂಬೆ, ಪೆನ್ಸಿಲ್ ದಪ್ಪದ್ದು ಆರಿಸಿ. ಮುಳ್ಳನ್ನು ಹೆಬ್ಬೆರಳಲ್ಲಿ ಪಕ್ಕಕ್ಕೆ ಒತ್ತಿ ನೋಡಿ: ಟಕ್ಕಂತ ಕಳಚಿದರೆ ಹದವಾಗಿ ಬಲಿತಿದೆ, ಬಾಗಿ ಸಿಪ್ಪೆ ಸಮೇತ ಹರಿದರೆ ಇನ್ನೂ ಎಳೆಯದು. 6ರಿಂದ 8 ಅಂಗುಲ ಇರಲಿ, ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಹರಿತವಾದ ಚಾಕುವಿನಿಂದ ಕೊಯ್ಯಿರಿ. ಮೊಂಡಾದ ಕತ್ತರಿ ಬುಡವನ್ನು ಜಜ್ಜುತ್ತೆ, ಕೊಳೆ ಶುರುವಾಗುವುದೇ ಅಲ್ಲಿ. ತುದಿಯ ಎರಡು ಎಲೆ ಬಿಟ್ಟು ಉಳಿದದ್ದು ತೆಗೆಯಿರಿ. ಎರಡು ಗೆಣ್ಣು ಒಳಗಿರುವಂತೆ ನೆಡಿ.

ಅರ್ಧ ದಪ್ಪ ಮರಳು, ಅರ್ಧ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸಾಕು. ಪಾರದರ್ಶಕ ಪ್ಲಾಸ್ಟಿಕ್ ಲೋಟಕ್ಕೆ ತೂತು ಮಾಡಿ ನೆಟ್ಟರೆ ಬೇರು ಗೋಡೆಗೆ ಬಂದಾಗ ಹೊರಗಿಂದಲೇ ಕಾಣುತ್ತೆ, ಕಿತ್ತು ನೋಡುವ ಆಸೆಯನ್ನೂ ತಡೆಯುತ್ತೆ. ಒಮ್ಮೆ ಕಿತ್ತರೆ ಕೂದಲಿನಂಥ ಹೊಸ ಬೇರು ಉಳಿಯಲ್ಲ. ಮೇಲೆ ಪ್ಲಾಸ್ಟಿಕ್ ಕವರ್ ಹೊದಿಸಿ ಬೆಳಕಿರುವ ನೆರಳಲ್ಲಿಡಿ. ಬಿಸಿಲಿಗಿಟ್ಟರೆ ಒಳಗೆ ಬೆಂದುಹೋಗುತ್ತೆ.

ಇನ್ನೊಬ್ಬರು (ಹಾಸನದಿಂದ)
ಹೂಗುಚ್ಛದ ಡಚ್ ರೋಸ್ ಕಡ್ಡಿಗೂ ಇದೇ ಕ್ರಮವೇ ಸರ್?

ಉತ್ತರ (ತುಮಕೂರಿನಿಂದ)
ಕ್ರಮ ಇದೇ, ಆದರೆ ಕೊಯ್ದು ಎಷ್ಟೋ ದಿನವಾದ ಕಡ್ಡಿ ಅದು. ನಂಬಿಕೊಳ್ಳಬೇಡಿ.

ಪ್ರಶ್ನೆ ಕೇಳಿದವರು (ಜನವರಿಯಲ್ಲಿ)
ನವೆಂಬರ್ ಕೊನೆಗೆ 6 ಕಡ್ಡಿ ನೆಟ್ಟಿದ್ದೆ. ಎರಡು ಕಪ್ಪಾದವು, ತಕ್ಷಣ ತೆಗೆದೆ. ಆರನೇ ವಾರ ಒಂದು ಲೋಟದ ಗೋಡೆಗೆ ಬಿಳಿ ದಾರದಂತೆ ಬೇರು ಕಂಡಿತು, ಈಗ ನಾಲ್ಕರಲ್ಲೂ ಇದೆ. ಒಂದರಲ್ಲಿ ಸಣ್ಣ ಮೊಗ್ಗೂ ಬಂದಿದೆ. ಬಿಡಲಾ?

ಉತ್ತರ (ತುಮಕೂರಿನಿಂದ)
ಚಿವುಟಿಬಿಡಿ ಅಕ್ಕಾ, ಮನಸ್ಸು ಗಟ್ಟಿ ಮಾಡಿಕೊಂಡು. ಕವರ್ ದಿನಾ ಸ್ವಲ್ಪಸ್ವಲ್ಪ ತೆರೆದು ಒಂದು ವಾರದಲ್ಲಿ ಪೂರ್ತಿ ತೆಗೆಯಿರಿ. ಆಮೇಲೆ ಕುಂಡಕ್ಕೆ ಹಾಕಿ.