ಬೇಕನ್ ಸ್ಯಾಂಡ್‌ವಿಚ್‌ಗೆ ಯಾವ ಸಾಸ್? ಗೊತ್ತಿದ್ದವರು ಹೇಳಿ

ಇಲ್ಲಿ ಇಂಗ್ಲೆಂಡಿನ ಕೆಫೆಗಳಲ್ಲಿ ಬೇಕನ್ (ಉಪ್ಪು ಹಾಕಿ ಹದಮಾಡಿದ ಹಂದಿಮಾಂಸದ ಹೋಳು) ಸ್ಯಾಂಡ್‌ವಿಚ್ ಕೇಳಿದ ಕೂಡಲೇ ‘ರೆಡ್ಡಾ, ಬ್ರೌನಾ?’ ಅಂತಾರೆ, ಅಂದರೆ ಕೆಚಪ್ಪಾ, ಬ್ರೌನ್ ಸಾಸಾ ಅಂತ. ಮನೆಯಲ್ಲಿ ಮಾಡುವಾಗ ಕೆಚಪ್, ಬ್ರೌನ್ ಸಾಸ್, ಸಾಸಿವೆ, ಇವುಗಳಲ್ಲಿ ಯಾವುದು ಹಾಕಬೇಕು, ಎಷ್ಟು ಹಾಕಬೇಕು? ಬ್ರೆಡ್ ನೆನೆದು ಮುದ್ದೆಯಾಗುತ್ತದೆ, ಅದಕ್ಕೇನು ಪರಿಹಾರ? ಕೊಡಗಿನ ಕಾಚಂಪುಳಿ (ಹಣ್ಣಿನ ರಸವನ್ನು ಕುದಿಸಿ ಗಟ್ಟಿ ಮಾಡಿದ ಕಪ್ಪು ಹುಳಿ) ನಡೆಯುತ್ತದಾ?

— ಬ್ರೌನ್ ಸಾಸೇ ಹಾಕಿ. ಬೇಕನ್‌ನಲ್ಲಿ ಉಪ್ಪು, ಜಿಡ್ಡು ಎರಡೂ ಧಾರಾಳವಾಗಿವೆ, ಇಲ್ಲದಿರುವುದು ಹುಳಿ. ಕೆಚಪ್‌ನಲ್ಲಿ ಸಿಹಿಯೇ ಮುಂದು. ನಾಟಿಂಗ್‌ಹ್ಯಾಮ್‌ನ ದಿನಸಿ ವ್ಯಾಪಾರಿ ಫ್ರೆಡರಿಕ್ ಗಾರ್ಟನ್ 1895ರಲ್ಲಿ ಹೆಸರು ನೋಂದಾಯಿಸಿದ ಎಚ್‌ಪಿ ಎಂಬ ಬ್ರೌನ್ ಸಾಸ್‌ನಲ್ಲಿ ಟೊಮೆಟೊ, ಮಾಲ್ಟ್ ವಿನೆಗರ್, ಕಾಕಂಬಿಯ ಜೊತೆ ಖರ್ಜೂರ, ಹುಣಸೆ ಇವೆ. ಚಾಟ್‌ನ ಸಿಹಿ ಚಟ್ನಿ ತಿಂದ ನಾಲಿಗೆಗೆ ಅದು ಹೊಸ ರುಚಿಯೇ ಅಲ್ಲ. ಮೂರು ಬ್ಯಾಕ್ ಬೇಕನ್ (ಬೆನ್ನಿನ ಭಾಗದ ಬೇಕನ್) ಹೋಳಿಗೆ ಎರಡು ಟೀ ಚಮಚ ಸಾಕು, ಹೆಚ್ಚಾದರೆ ಲವಂಗದಂಥ ಮಸಾಲೆಯ ವಾಸನೆ ಮಾಂಸವನ್ನೇ ನುಂಗುತ್ತದೆ.

— ಕೆಚಪ್ಪನ್ನು ಹಾಗೆ ತಳ್ಳಿಹಾಕಬೇಡಿ ಸಾರ್. ಹೊಗೆ ಹಾಕದ ಬೇಕನ್ ಜೊತೆ ಮೊಟ್ಟೆಯೂ ಇದ್ದರೆ ಅದೇ ಸರಿ. ಮೇಪಲ್ ಮರದ ಸಿಹಿ ಪಾಕ ಹಾಕಿದ ಬೇಕನ್‌ಗೆ ಮಾತ್ರ ಬೇಡ, ಅದಕ್ಕೆ ಸಾಸಿವೆ.

— ಸಾಸಿವೆ ಅಂದರೆ ಇಂಗ್ಲಿಷ್ ಸಾಸಿವೆ ಪುಡಿ. ಒಂದು ಚಮಚ ಪುಡಿಗೆ ಒಂದು ಚಮಚ ತಣ್ಣೀರು ಹಾಕಿ ಕಲಸಿ, ಹತ್ತು ನಿಮಿಷ ಬಿಡಿ. ಒಣ ಪುಡಿಯಲ್ಲಿ ಖಾರ ಇರುವುದಿಲ್ಲ, ನೀರು ಸೋಕಿದ ಮೇಲೆ ಮೈರೊಸಿನೇಸ್ ಎಂಬ ಕಿಣ್ವ ಅದನ್ನು ಹುಟ್ಟಿಸುತ್ತದೆ. ಕುದಿನೀರು ಹಾಕಿದರೆ ಕಿಣ್ವ ಸತ್ತು ಬರೀ ಕಹಿ ಉಳಿಯುತ್ತದೆ. ಮೊದಲೇ ವಿನೆಗರ್ ಹಾಕಿದರೂ ಖಾರ ಏಳುವುದಿಲ್ಲ. ಗಂಟೆಗಳು ಕಳೆದಂತೆ ಘಾಟು ಇಳಿಯುತ್ತದೆ, ಆದ್ದರಿಂದ ಬೇಕಾದಷ್ಟೇ ಕಲಸಿ. ಅರ್ಧ ಚಮಚವನ್ನು ಬೆಣ್ಣೆಗೆ ಬೆರೆಸಿ ಬ್ರೆಡ್ಡಿಗೆ ಸವರಿದರೆ ಪ್ರತಿ ತುತ್ತಿಗೂ ಸಮನಾಗಿ ಸಿಗುತ್ತದೆ.

— ಬ್ರೆಡ್ ಮುದ್ದೆಯಾಗುವುದಕ್ಕೆ ಸಾಸ್ ಒಂದೇ ಕಾರಣವಲ್ಲ. ಉಪ್ಪುನೀರು ಚುಚ್ಚಿದ ಅಗ್ಗದ ಬೇಕನ್ ಬಾಣಲೆಯಲ್ಲಿ ಬಿಳಿ ನೊರೆನೀರು ಬಿಡುತ್ತದೆ, ಹುರಿಯುವ ಬದಲು ಬೇಯುತ್ತದೆ. ಪೊಟ್ಟಣದ ಮೇಲೆ ‘ಡ್ರೈ ಕ್ಯೂರ್ಡ್’ (ಒಣ ಉಪ್ಪು ಸವರಿ ಹದಮಾಡಿದ್ದು) ಅಂತ ಇರುವುದನ್ನು ತನ್ನಿ. ಇಲ್ಲವೇ ಆ ನೀರನ್ನು ಬಸಿದು ಮತ್ತೆ ಹುರಿಯಿರಿ. ಆಮೇಲೆ ಹೋಳುಗಳನ್ನು ಒಂದು ನಿಮಿಷ ಕಾಗದದ ಮೇಲಿಡಿ, ಹಬೆ ಹೋಗಲಿ. ಬ್ರೆಡ್ಡಿನ ಎರಡೂ ಒಳಮೈಗೆ ಅಂಚಿನವರೆಗೆ ಬೆಣ್ಣೆ ಸವರಿ. ಬೆಣ್ಣೆಯ ಪದರ ನೀರನ್ನು ತಡೆಯುತ್ತದೆ. ಸಾಸನ್ನು ಬ್ರೆಡ್ಡಿಗಲ್ಲ, ಬೇಕನ್ ಮೇಲೆಯೇ ಹಾಕಿ. ಈ ಕೊನೆಯದೊಂದನ್ನು ಮಾಡಿದರೂ ಅರ್ಧ ತೊಂದರೆ ತಪ್ಪುತ್ತದೆ.

— ಕಾಚಂಪುಳಿ ಖಂಡಿತ ನಡೆಯುತ್ತದೆ, ಪಂದಿ ಕರಿಯಲ್ಲಿ ಹಂದಿಮಾಂಸದ ಜಿಡ್ಡನ್ನು ಮುರಿಯುವುದೂ ಅದೇ. ಆದರೆ ನೇರವಾಗಿ ಸುರಿಯಬೇಡಿ, ಹುಳಿ ತೀರಾ ಗಡಸು. ಒಂದು ದೊಡ್ಡ ಚಮಚ ಕೆಚಪ್‌ಗೆ ಕಾಲು ಟೀ ಚಮಚ ಕಾಚಂಪುಳಿ, ಅರ್ಧ ಟೀ ಚಮಚ ಬೆಲ್ಲದ ಪುಡಿ, ಒಂದು ಚಿಟಿಕೆ ಕರಿಮೆಣಸು ಸೇರಿಸಿ ಬೆಲ್ಲ ಕರಗುವವರೆಗೆ ಬಿಸಿ ಮಾಡಿ, ಆರಿಸಿ. ಉಪ್ಪು ಬೇಡವೇ ಬೇಡ, ಬೇಕನ್‌ನಲ್ಲೇ ಇದೆ. ಬೆಂಗಳೂರಿನಲ್ಲಿ ಕಾಚಂಪುಳಿ ಸಿಗದವರು ಅದರ ಬದಲು ಒಂದು ಟೀ ಚಮಚ ಗಟ್ಟಿ ಹುಣಸೆ ರಸ ಹಾಕಿಕೊಳ್ಳಿ, ರುಚಿ ಬ್ರೌನ್ ಸಾಸ್‌ನ ಹತ್ತಿರಕ್ಕೇ ಬರುತ್ತದೆ.